ಸಂಘದಲ್ಲಿ ಕೋ-ಪೈಲಟ್‌ಗಳ ಮಾತು ನಡೆಯದಿದ್ದರೆ ಬೇರೆ ಸಂಘ ಕಟ್ಟುವುದು ಸರಿಯೇ?

ಬಲಬದಿಯ ಆಸನ (ಪ್ರಶ್ನೆ):

ನಾನು ಬೆಂಗಳೂರಿನಲ್ಲಿ ನೆಲೆ ಹೊಂದಿರುವ ಖಾಸಗಿ ವಿಮಾನ ಸಂಸ್ಥೆಯೊಂದರಲ್ಲಿ ಐದು ವರ್ಷಗಳಿಂದ ಕೋ-ಪೈಲಟ್ ಆಗಿದ್ದೇನೆ. ಸೇರಿದ ತಿಂಗಳಿನಿಂದ ಪೈಲಟ್‌ಗಳ ಸಂಘಕ್ಕೆ ಚಂದಾ ಕಟ್ಟುತ್ತಿದ್ದೇನೆ. ಕಳೆದ ವೇತನ ಒಪ್ಪಂದಕ್ಕೆ ಸಹಿ ಬಿದ್ದ ಸುದ್ದಿ ನನಗೆ ಸಂಘದಿಂದ ತಿಳಿಯಲಿಲ್ಲ. ಬೆಳಗಿನ ಜಾವ ದೇವನಹಳ್ಳಿಗೆ ಹೋಗುವ ಕ್ಯಾಬಿನಲ್ಲಿ ಪಕ್ಕದಲ್ಲಿ ಕುಳಿತಿದ್ದ ಕ್ಯಾಪ್ಟನ್ ತಮ್ಮ ಫೋನ್ ತೋರಿಸಿದಾಗ ತಿಳಿಯಿತು. ಅವರ ಭತ್ಯೆ ಏರಿತ್ತು. ನಾವು ಎರಡು ವರ್ಷಗಳಿಂದ ಬರೆದು ಕೊಡುತ್ತಿದ್ದ ಸ್ಟ್ಯಾಂಡ್‌ಬೈ ದಿನಗಳ (ಕರೆ ಬಂದರೆ ಹಾರಲು ಸಿದ್ಧರಾಗಿ ಕಾಯಬೇಕಾದ ದಿನಗಳ) ವಿಚಾರ ಆ ಪತ್ರದಲ್ಲಿ ಎಲ್ಲಿಯೂ ಇರಲಿಲ್ಲ.

ಒಂಬತ್ತು ಜನರ ಕಾರ್ಯಕಾರಿ ಸಮಿತಿಯಲ್ಲಿ ಒಬ್ಬ ಕೋ-ಪೈಲಟ್ ಕೂಡ ಇಲ್ಲ. ಸರ್ವಸದಸ್ಯರ ಸಭೆಯನ್ನು ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಕರೆದರು. ರಾತ್ರಿಯಿಡೀ ಹಾರಿ ಆರು ಗಂಟೆಗೆ ಇಳಿದ ನಾನು ಆ ಹೊತ್ತಿಗೆ ಮನೆಯಲ್ಲಿ ನಿದ್ರೆಯಲ್ಲಿದ್ದೆ. ಸಭೆಯ ನಡಾವಳಿ ಕೇಳಿದರೆ ಆರು ಸಾಲಿನ ಕಾಗದ ಕೈಗೆ ಬಂತು. ನನ್ನಂಥ ಸುಮಾರು ನಲವತ್ತು ಜನ ಪ್ರತ್ಯೇಕ ಸಂಘ ಕಟ್ಟುವ ಯೋಚನೆಯಲ್ಲಿದ್ದಾರೆ. ಇದು ಸರಿಯಾದ ದಾರಿಯೇ? ಅನುಭವಸ್ಥರು ತಿಳಿಸಬೇಕಾಗಿ ವಿನಂತಿ.

ನಿವೃತ್ತ ಕ್ಯಾಪ್ಟನ್, ಮೈಸೂರು:

ನಿಮ್ಮ ನೋವು ನನಗೆ ಅರ್ಥವಾಗುತ್ತದೆ. ಆದರೂ ಬೇರೆ ಸಂಘದ ಮಾತು ಬಂದಾಗಲೆಲ್ಲ ನನಗೆ ಏರ್ ಇಂಡಿಯಾದ ಕಥೆ ನೆನಪಾಗುತ್ತದೆ. ನಾನು ಆಗ ಬೇರೆ ಸಂಸ್ಥೆಯಲ್ಲಿದ್ದೆ, ಆದರೆ ನಮ್ಮ ವೃತ್ತಿಯ ಪ್ರತಿಯೊಬ್ಬರೂ ಅದನ್ನು ದಿನದಿನವೂ ಗಮನಿಸುತ್ತಿದ್ದೆವು.

2007ರಲ್ಲಿ ಇಂಡಿಯನ್ ಏರ್‌ಲೈನ್ಸ್ ಮತ್ತು ಏರ್ ಇಂಡಿಯಾ ಒಂದಾದವು, ಪೈಲಟ್‌ಗಳು ಮಾತ್ರ ಒಂದಾಗಲಿಲ್ಲ. ಮೊದಲಿನವರಿಗೆ ಇಂಡಿಯನ್ ಕಮರ್ಷಿಯಲ್ ಪೈಲಟ್ಸ್ ಅಸೋಸಿಯೇಷನ್, ಎರಡನೆಯವರಿಗೆ ಇಂಡಿಯನ್ ಪೈಲಟ್ಸ್ ಗಿಲ್ಡ್ ಹಾಗೆಯೇ ಉಳಿದವು. 2011ರ ಏಪ್ರಿಲ್ ಕೊನೆಯಲ್ಲಿ ಅಸೋಸಿಯೇಷನ್ ಸಮಾನ ವೇತನ ಕೇಳಿ ಸುಮಾರು ಹತ್ತು ದಿನ ಮುಷ್ಕರ ಹೂಡಿತು. ಮರುವರ್ಷ ಮೇ ತಿಂಗಳಿನಲ್ಲಿ ಗಿಲ್ಡ್ ಮುಷ್ಕರಕ್ಕೆ ಇಳಿಯಿತು, ಮತ್ತು ಅದರ ಮುಖ್ಯ ಆಕ್ಷೇಪ ಹೊಸ ಡ್ರೀಮ್‌ಲೈನರ್ ವಿಮಾನಗಳ ತರಬೇತಿಯನ್ನು ಇನ್ನೊಂದು ಕಡೆಯ ಪೈಲಟ್‌ಗಳಿಗೂ ಕೊಡುತ್ತಿರುವುದರ ಬಗ್ಗೆ ಇತ್ತು. 58 ದಿನ ನಡೆದ ಆ ಮುಷ್ಕರದಲ್ಲಿ ನೂರಕ್ಕೂ ಹೆಚ್ಚು ಪೈಲಟ್‌ಗಳು ಕೆಲಸದಿಂದ ವಜಾ ಆದರು. ಎರಡೂ ಮುಷ್ಕರಗಳ ವೇಳೆ ಆಡಳಿತವು ಆಯಾ ಸಂಘದ ಮಾನ್ಯತೆಯನ್ನೇ ರದ್ದು ಮಾಡಿತು. ಇಬ್ಬರ ಜಗಳದಲ್ಲಿ ಲಾಭ ಯಾರಿಗಾಯಿತು ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

2023ರಲ್ಲಿ ಏರ್ ಇಂಡಿಯಾದ ಹೊಸ ಮಾಲೀಕರಾದ ಟಾಟಾ ಸಮೂಹದವರು ಖಾತರಿ ಹಾರಾಟ ಭತ್ಯೆಯ (ಹಾರಾಟ ಕಡಿಮೆಯಾದರೂ ಇಷ್ಟು ಗಂಟೆಗೆ ಎಂದು ಕೊಡುವ ಭತ್ಯೆಯ) ಲೆಕ್ಕವನ್ನು ತಿಂಗಳಿಗೆ 70 ಗಂಟೆಯಿಂದ 40 ಗಂಟೆಗೆ ಇಳಿಸಿದಾಗ ಅದೇ ಎರಡು ಸಂಘಗಳು ಜೊತೆಯಾಗಿ ವಿರೋಧಿಸಿದವು. ಅಷ್ಟರಲ್ಲಿ ತಡವಾಗಿತ್ತು. ನಮ್ಮಲ್ಲಿ ಮಾನ್ಯತೆ ಪಡೆದ ಸಂಘವೇ ಇಲ್ಲ ಎಂದು ಸಂಸ್ಥೆ ಉತ್ತರ ಕೊಟ್ಟಿತು.

ಕಾರ್ಮಿಕ ಕಾನೂನು ವಕೀಲೆ, ಬೆಂಗಳೂರು:

ಕ್ಯಾಪ್ಟನ್ ಅವರು ಹೇಳಿದ್ದಕ್ಕೆ ಕಾನೂನಿನ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. ಸಂಘವನ್ನು ನೋಂದಾಯಿಸುವುದು ಬೇರೆ, ಆಡಳಿತ ಮಂಡಳಿ ಅದರ ಜೊತೆ ಮಾತುಕತೆಗೆ ಕೂರಬೇಕಾದ ಸ್ಥಿತಿ ಬರುವುದು ಬೇರೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧ ಸಂಹಿತೆಯ ಪ್ರಕಾರ, ಒಂದಕ್ಕಿಂತ ಹೆಚ್ಚು ಸಂಘಗಳಿರುವಲ್ಲಿ ಶೇ. 51ರಷ್ಟು ಕಾರ್ಮಿಕರ ಬೆಂಬಲ ಇರುವ ಸಂಘವೇ ಏಕೈಕ ಮಾತುಕತೆಯ ಸಂಘವಾಗುತ್ತದೆ. ಯಾರಿಗೂ ಅಷ್ಟು ಬೆಂಬಲ ಇಲ್ಲದಿದ್ದರೆ, ಕನಿಷ್ಠ ಶೇ. 20ರಷ್ಟು ಬೆಂಬಲ ಇರುವ ಸಂಘಗಳ ಪ್ರತಿನಿಧಿಗಳನ್ನು ಸೇರಿಸಿ ಒಂದು ಮಂಡಳಿ ರಚಿಸಲಾಗುತ್ತದೆ. ನಲವತ್ತು ಜನ ಹೊರಗೆ ಹೋದರೆ ಹಳೆಯ ಸಂಘ ಶೇ. 51ರ ಗೆರೆಯಿಂದ ಕೆಳಗೆ ಜಾರಬಹುದು, ನಿಮ್ಮದು ಶೇ. 20ನ್ನು ಮುಟ್ಟದೆ ಹೋಗಬಹುದು. ಆಗ ಪೂರ್ತಿ ನಷ್ಟ ನಿಮ್ಮದೇ.

ಇನ್ನೊಂದು ವಿಷಯವನ್ನು ದಯವಿಟ್ಟು ಗಮನಿಸಿ. ಹಿರಿಯ ಕ್ಯಾಪ್ಟನ್‌ಗಳಿಗೆ ಆಡಳಿತ ವರ್ಗದ ಹುದ್ದೆಯ ಹೆಸರು ಕೊಟ್ಟರೆ ಅವರನ್ನು ಕಾರ್ಮಿಕರ ಲೆಕ್ಕದಿಂದ ಹೊರಗಿಡುವ ವಾದಕ್ಕೆ ದಾರಿಯಾಗುತ್ತದೆ. ಆಗ ಸಂಘಕ್ಕೆ ನಿಮ್ಮಂಥ ಕೋ-ಪೈಲಟ್‌ಗಳ ಸಂಖ್ಯೆಯೇ ಆಧಾರ. ಸಮಿತಿಯ ಎದುರು ನಿಮ್ಮ ಅತಿ ದೊಡ್ಡ ಬಲ ಇದೇ. ಸದಸ್ಯರಾಗಿ ಲೆಕ್ಕಪುಸ್ತಕವನ್ನು ನೋಡುವ ಹಕ್ಕೂ ನಿಮಗಿದೆ. ಲಿಖಿತವಾಗಿ ಕೇಳಿ, ಸ್ವೀಕೃತಿ ಪಡೆದುಕೊಳ್ಳಿ.

ಹಿಂದಿನ ಸಮಿತಿಯ ಸದಸ್ಯೆ:

ನಾನು ಕ್ಯಾಪ್ಟನ್, ಬೇರೊಂದು ಸಂಸ್ಥೆಯ ಸಂಘದಲ್ಲಿ ಎರಡು ಅವಧಿ ಕೆಲಸ ಮಾಡಿದ್ದೇನೆ. ಸಮಿತಿಯಲ್ಲಿ ಕೋ-ಪೈಲಟ್‌ಗಳಿಲ್ಲ ಎಂಬ ದೂರು ನಿಜ, ಆದರೆ ನಾವು ಚುನಾವಣೆಗೆ ನಿಲ್ಲಿ ಎಂದು ಕೇಳಿಕೊಂಡಾಗ ಯಾರೂ ಮುಂದೆ ಬರುತ್ತಿರಲಿಲ್ಲ. ಕಮಾಂಡ್‌ಗೆ, ಅಂದರೆ ಕ್ಯಾಪ್ಟನ್ ಹುದ್ದೆಗೆ, ಬಡ್ತಿ ಕೊಡುವುದು ಕಂಪನಿಯ ಕೈಯಲ್ಲಿರುವಾಗ ಆ ಹೆದರಿಕೆ ಸಹಜ, ಅದಕ್ಕಾಗಿ ನಾನು ಯಾರನ್ನೂ ದೂರುವುದಿಲ್ಲ. ಹಾಗಾಗಿ ಹೆಸರು ಕೊಡುವ ಮೊದಲು ಏಳೆಂಟು ಜನ ಒಟ್ಟಿಗೆ ನಿಲ್ಲುವುದು ಕ್ಷೇಮ.

ಸಂಘಗಳು ಏನೂ ಮಾಡಿಲ್ಲ ಎಂಬ ಭಾವನೆಯನ್ನು ಮಾತ್ರ ನಾನು ಒಪ್ಪುವುದಿಲ್ಲ. ವಾರದ ವಿಶ್ರಾಂತಿ 36 ಗಂಟೆಯಿಂದ 48ಕ್ಕೆ ಏರಿದ್ದು, ರಾತ್ರಿಯ ಲ್ಯಾಂಡಿಂಗ್‌ಗಳ ಮಿತಿ 6ರಿಂದ 2ಕ್ಕೆ ಇಳಿದದ್ದು ತಾನಾಗಿ ಆಗಲಿಲ್ಲ. 2024ರ ಜನವರಿಯಲ್ಲಿ ಪ್ರಕಟವಾದ ಆ ನಿಯಮಗಳನ್ನು ಸಂಸ್ಥೆಗಳ ಒತ್ತಡದಿಂದ ಮುಂದೂಡಿದಾಗ, ಪೈಲಟ್‌ಗಳ ಸಂಘಟನೆಗಳು ದೆಹಲಿ ಹೈಕೋರ್ಟಿನಲ್ಲಿ ಬೆನ್ನು ಬಿಡದೆ ಹೋರಾಡಿದ್ದರಿಂದಲೇ 2025ರ ಜುಲೈ ಮತ್ತು ನವೆಂಬರ್‌ನಲ್ಲಿ ಅವು ಹಂತಹಂತವಾಗಿ ಜಾರಿಗೆ ಬಂದವು. ಡಿಸೆಂಬರ್‌ನಲ್ಲಿ ಇಂಡಿಗೋದ ಹಾರಾಟಗಳು ಸಾಲುಸಾಲಾಗಿ ರದ್ದಾದಾಗ ಸರ್ಕಾರ ಆ ಸಂಸ್ಥೆಗೆ ರಾತ್ರಿಯ ನಿಯಮಗಳಿಂದ ತಾತ್ಕಾಲಿಕ ವಿನಾಯಿತಿ ಕೊಟ್ಟಿತು. ಅದನ್ನು ಪ್ರಶ್ನಿಸಿ ಮೊದಲು ದನಿ ಎತ್ತಿದವರಲ್ಲಿ ಈ ಸಂಘಟನೆಗಳೂ ಇದ್ದವು.

ಬಲಬದಿಯ ಆಸನ:

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ನಾವು ಹನ್ನೊಂದು ಜನ ಸೇರಿ ಮಾತನಾಡಿದೆವು. ಬೇರೆ ಸಂಘದ ಯೋಚನೆಯನ್ನು ಸದ್ಯಕ್ಕೆ ಬಿಟ್ಟಿದ್ದೇವೆ. ಲೆಕ್ಕಪುಸ್ತಕ ಮತ್ತು ಪೂರ್ತಿ ನಡಾವಳಿ ಕೇಳಿ ಹನ್ನೊಂದೂ ಸಹಿಗಳ ಪತ್ರ ಸಿದ್ಧವಾಗಿದೆ. ಮೂರು ಸ್ಥಾನಗಳನ್ನು ಕೋ-ಪೈಲಟ್‌ಗಳಿಗೆ ಮೀಸಲಿಡಬೇಕೆಂದೂ, ಸಭೆಯನ್ನು ರಾತ್ರಿ ಹಾರಾಟ ಮುಗಿಸಿದವರೂ ಬರಬಹುದಾದ ಹೊತ್ತಿನಲ್ಲಿ ಇಡಬೇಕೆಂದೂ ಅದರಲ್ಲಿ ಬರೆದಿದ್ದೇವೆ. ಮೀಸಲು ಸ್ಥಾನಕ್ಕೆ ಸಂಘದ ನಿಯಮಾವಳಿಯನ್ನು ತಿದ್ದಬೇಕಾಗುತ್ತದೆಯೇ ಎಂಬುದನ್ನು ವಕೀಲರು ತಿಳಿಸಿದರೆ ಪತ್ರವನ್ನು ಸೋಮವಾರ ಕೊಡುತ್ತೇವೆ.