ಫೆಂಡರ್ ಕದ್ದನೇ? ಬಿಗ್ಸ್‌ಬಿ ಗಿಟಾರಿನ ಮೂಲದ ಜಗಳ

ಹಳೇತಂತಿ:
ಒಳಗೆ ಪೊಳ್ಳಿಲ್ಲದ, ಗಟ್ಟಿ ಒಡಲಿನ ಎಲೆಕ್ಟ್ರಿಕ್ ಗಿಟಾರಿನ ಚರಿತ್ರೆ ಶುರುವಾಗೋದೇ 1950ರ ಫೆಂಡರ್ ಕಂಪನಿಯ ಗಿಟಾರಿನಿಂದ ಅಂತ ಇಲ್ಲಿ ವಾರಕ್ಕೊಬ್ಬರು ಬರೀತೀರಿ. ಸ್ವಲ್ಪ ಹಿಂದೆ ನೋಡಿ. ಪಾಲ್ ಬಿಗ್ಸ್‌ಬಿ, ಮೋಟರ್‌ಸೈಕಲ್ ಹುಚ್ಚಿನವನು, ಕ್ರಾಕರ್ ಬೈಕ್ ಕಂಪನಿಯಲ್ಲಿ ಎರಕಕ್ಕೆ ಮಾದರಿ ಮಾಡೋ ಪ್ಯಾಟರ್ನ್ ಮೇಕರ್ ಆಗಿದ್ದವನು. 1948ರಲ್ಲಿ ಕಂಟ್ರಿ ಗಿಟಾರ್ ವಾದಕ ಮರ್ಲ್ ಟ್ರಾವಿಸ್ ಚಿತ್ರ ಬರೆದುಕೊಟ್ಟ, ಇವನು ಕ್ಯಾಲಿಫೋರ್ನಿಯಾದಲ್ಲಿ ಕೈಯಾರೆ ಗಿಟಾರು ಮಾಡಿಕೊಟ್ಟ. ಚುಕ್ಕೆಚುಕ್ಕೆ ಮೇಪಲ್ ಮರ, ಕುತ್ತಿಗೆಯಿಂದ ಬಾಲದವರೆಗೂ ಒಂದೇ ಪಟ್ಟಿ, ಆರೂ ಬಿರಡೆ ಒಂದೇ ಬದಿಗೆ. ಪಕ್ಕದ ಫುಲ್ಲರ್ಟನ್‌ನಲ್ಲಿದ್ದ ಲಿಯೋ ಫೆಂಡರ್ ಅದನ್ನು ಒಂದು ವಾರ ಎರವಲು ಒಯ್ದಿದ್ದ ಅಂತ ಟ್ರಾವಿಸ್ಸೇ ಬರೆದಿದ್ದಾನೆ. ಮುಂದಿನದ್ದು ನೀವೇ ಲೆಕ್ಕ ಹಾಕಿ.

ಬಸವನಗುಡಿ_ಬ್ಲೂಸ್:
"ಚರಿತ್ರೆ ಶುರುವಾಗೋದು" ಅಂತ ಹೇಳಿ 1948ಕ್ಕೆ ಬ್ರೇಕ್ ಹಾಕಿದ್ದು ಯಾಕೆ ಗುರುಗಳೇ? 1931ರಲ್ಲೇ ಜಾರ್ಜ್ ಬೀಚಮ್ ಲಾಳದ ಆಕಾರದ ಮ್ಯಾಗ್ನೆಟ್ ಇಟ್ಟು, ತಂತಿಯ ಕಂಪನವನ್ನು ವಿದ್ಯುತ್ತಾಗಿಸೋ ಪಿಕಪ್ ಮಾಡಿದ್ದ. ಹ್ಯಾರಿ ವಾಟ್ಸನ್ ಅದಕ್ಕೆ ಮರದ ಒಡಲು ಕೆತ್ತಿದ್ದ. ಅದೇ ಆಮೇಲೆ ಅಲ್ಯೂಮಿನಿಯಂ ಎರಕದ ರಿಕನ್‌ಬ್ಯಾಕರ್ 'ಫ್ರೈಯಿಂಗ್ ಪ್ಯಾನ್' ಆಗಿ 1932ರಲ್ಲಿ ಅಂಗಡಿಗೆ ಬಂತು. ಪೇಟೆಂಟಿಗೆ 1934ರಲ್ಲಿ ಅರ್ಜಿ ಹಾಕಿದ್ದು, ಸಿಕ್ಕಿದ್ದು 1937ರಲ್ಲಿ. ಇದಕ್ಕಿಂತ ಪಕ್ಕಾ ದಾಖಲೆ ಬೇಕಾ?

ಹಳೇತಂತಿ:
ದಾಖಲೆ ಪಕ್ಕಾ, ವಾದ್ಯ ಬೇರೆ. ಅದು ತೊಡೆ ಮೇಲೆ ಮಲಗಿಸಿ ಉಕ್ಕಿನ ತುಂಡು ಜಾರಿಸಿ ನುಡಿಸೋ ಹವಾಯಿಯನ್ ಗಿಟಾರು. ನಾನು ಹೇಳ್ತಿರೋದು ಎದೆಗೆ ಒರಗಿಸಿ ನುಡಿಸೋ ಸ್ಪ್ಯಾನಿಶ್ ಗಿಟಾರಿನ ಮಾತು.

ಧಾರವಾಡ_ಫ್ರೆಟ್ಸ್:
ಸ್ಪ್ಯಾನಿಶ್ ಬೇಕೇನ್ರಿ? ತಗೋರಿ. ಸ್ಲಿಂಗರ್‌ಲ್ಯಾಂಡ್ ಕಂಪನಿಯವ್ರು 1939ರಾಗ ಸಾಂಗ್‌ಸ್ಟರ್ ಅಂತ ಗಟ್ಟಿ ಒಡಲಿಂದು ಕ್ಯಾಟಲಾಗಿಗೇ ಹಾಕಿದ್ರು. ಅದಾದಮ್ಯಾಲ ಗಿಟಾರ್ ವಾದಕ ಲೆಸ್ ಪಾಲ್, ನ್ಯೂಯಾರ್ಕಿನ ಎಪಿಫೋನ್ ಫ್ಯಾಕ್ಟರಿಯೊಳಗ ರವಿವಾರಕ್ಕೊಮ್ಮೆ ಕುಂತು ನಾಕಿಂಚಿನ ಪೈನ್ ತೊಲಿಗೆ ತಂತಿ ಬಿಗದಿದ್ದ. ಹಂಗಂದ್ರ ನಿಮ್ಮ ಬಿಗ್ಸ್‌ಬಿ ಎಷ್ಟನೇದಾಂವ ಆದ?

ಹಳೇತಂತಿ:
ಆ ತೊಲೆಯ ಎರಡೂ ಕಡೆ ಲೆಸ್ ಪಾಲ್ ಎಪಿಫೋನಿನ ಒಡಲನ್ನೇ ಸೀಳಿ ಅಂಟಿಸಿದ್ದು ನೋಡೋಕೆ ಗಿಟಾರಿನ ಹಾಗಿರಲಿ ಅಂತ. ಬಿಗ್ಸ್‌ಬಿಗೆ ಆ ವೇಷ ಬೇಕಾಗಲಿಲ್ಲ. ನ್ಯಾಶ್‌ವಿಲ್‌ನ ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್‌ನಲ್ಲಿ ಆ ಟ್ರಾವಿಸ್ ಗಿಟಾರನ್ನು ಗಾಜಿನಾಚೆ ಇಟ್ಟಿದ್ದಾರೆ, ಹತ್ತಿರದಿಂದ ನೋಡಿದ್ದೇನೆ. ಕುತ್ತಿಗೆ ಮೇಲೆ ಇಸ್ಪೀಟು, ಆಟೀನು, ಡೈಮಂಡು, ಕಳಾವರ್ ಗುರುತು ಕೂರಿಸಿದ್ದಾನೆ. ಕೂರಿಸಿದ ಅಂಚಿನಲ್ಲಿ ಉಗುರು ತೂರಿಸೋಕೂ ಸಂದಿಲ್ಲ. ಬಿರಡೆ ಕೂತ ಆ ತಲೆಯ ಓರೆ ನೋಡಿದ ಮೇಲೆ ಫೆಂಡರ್ ಎಲ್ಲಿಂದ ತಂದ ಅಂತ ಯಾರನ್ನೂ ಕೇಳಬೇಕಿಲ್ಲ.

ಫುಲ್ಲರ್ಟನ್_ರವಿ:
"ಕೇಳಬೇಕಿಲ್ಲ" ಅಂದರೆ ವಿಚಾರಣೆಗೆ ಮುಂಚೆಯೇ ತೀರ್ಪು ಬರೆದಾಯ್ತು. ಟ್ರಾವಿಸ್ ಆ ಎರವಲಿನ ಕಥೆ ಬರೆದಿದ್ದು ದಶಕಗಳು ಕಳೆದ ಮೇಲೆ. ಲಿಯೋ ಅದನ್ನು ಒಪ್ಪಲೇ ಇಲ್ಲ, ಕ್ರೊಯೇಷಿಯಾ ಕಡೆಯ ಹಳ್ಳಿ ವಾದ್ಯಗಳಲ್ಲಿ ಒಂದೇ ಬದಿಯ ಬಿರಡೆ ನೋಡಿದ್ದೆ ಅಂದ. ಅದೂ ಬೇಡ. ವಿಯೆನ್ನಾದ ಗಿಟಾರು ತಯಾರಕ ಸ್ಟೌಫರ್ 19ನೇ ಶತಮಾನದ ಮೊದಲ ಭಾಗದಲ್ಲೇ ಆರೂ ಬಿರಡೆ ಒಂದೇ ಬದಿಗಿಟ್ಟಿದ್ದ. ಅವನ ಹತ್ತಿರ ಕೆಲಸ ಮಾಡಿದ ಸಿ.ಎಫ್. ಮಾರ್ಟಿನ್ 1833ರಲ್ಲಿ ಅಮೆರಿಕಕ್ಕೆ ಬಂದು ಅದೇ ತಲೆಯ ಗಿಟಾರು ಮಾಡಿದ. ಈಗ ಹೇಳಿ, ಬಿಗ್ಸ್‌ಬಿ ಯಾರ ಮನೆಯದ್ದು ಕದ್ದ?

ಹಳೇತಂತಿ:
ವಿಯೆನ್ನಾ ದೂರ, ಡೌನಿ ಹತ್ತಿರ. ಅಲ್ಲಿನ ಬಿಗ್ಸ್‌ಬಿ ಮನೆಯಿಂದ ಫುಲ್ಲರ್ಟನ್‌ಗೆ ಕಾರಲ್ಲಿ ಅರ್ಧ ಗಂಟೆ ಹಾದಿ. ನೂರು ವರ್ಷ ಹಿಂದಿನ ಸ್ಟೌಫರನ್ನು ಲಿಯೋ ಎಲ್ಲಿ ನೋಡಿದ್ದ?

ಫುಲ್ಲರ್ಟನ್_ರವಿ:
ಅರ್ಧ ಗಂಟೆ ಹಾದಿಯಲ್ಲಿ ಇದ್ದೋರೆಲ್ಲ ಕಳ್ಳರಾದರೆ ನಮ್ಮ ಜಯನಗರದಲ್ಲಿ ಒಬ್ಬನೂ ಸಾಚಾ ಉಳಿಯಲ್ಲ. ವಿಷಯಕ್ಕೆ ಬನ್ನಿ. 1949ರಲ್ಲಿ ಲಿಯೋ ಮಾಡಿದ ಮೊದಲ ಮಾದರಿಯಲ್ಲಿ ಬಿರಡೆ ಮೂರು ಆ ಕಡೆ, ಮೂರು ಈ ಕಡೆ. 1948ರ ಗಿಟಾರನ್ನು ನಕಲು ಮಾಡೋನು ಮೊದಲ ದಿನವೇ ನಕಲು ಮಾಡ್ತಿದ್ದ.

ಬಸವನಗುಡಿ_ಬ್ಲೂಸ್:
ಇದು ನಿಮ್ಮ ಕಾಲಿಗೇ ಕೊಡಲಿ ರವಿಯವರೇ. 1949ರಲ್ಲಿ ಮೂರು-ಮೂರು ಇದ್ದದ್ದು 1950ರಲ್ಲಿ ಫೆಂಡರಿನ ಎಸ್ಕ್ವೈರ್ ಗಿಟಾರು ಮಾರಾಟಕ್ಕೆ ಬರುವಾಗ ಒಂದೇ ಬದಿಗೆ ಹೋಯ್ತು. ಆ ನಡುವೆ ಏನು ನೋಡಿದ? ಕ್ರೊಯೇಷಿಯಾ ಟೂರ್ ಹೋಗಿದ್ನಾ?

ಫುಲ್ಲರ್ಟನ್_ರವಿ:
ತಂತಿ ನೇರ ಹೋದರೆ ಶ್ರುತಿ ಗಟ್ಟಿ ನಿಲ್ಲುತ್ತೆ, ಬಾಗಿ ಹೋದರೆ ಕುತ್ತಿಗೆ ತುದಿಯ ನಟ್ ಹತ್ತಿರ ಸಿಕ್ಕಿಕೊಳ್ಳುತ್ತೆ. ರೇಡಿಯೋ ರಿಪೇರಿ ಮಾಡ್ತಿದ್ದ ಮನುಷ್ಯನಿಗೆ ಇದು ತಾನಾಗಿ ಹೊಳೆಯಬಾರದಾ? ಬಿಗ್ಸ್‌ಬಿ ಕುತ್ತಿಗೆ ಒಡಲಿನುದ್ದಕ್ಕೂ ಓಡುತ್ತೆ. ಫೆಂಡರ್ ನಾಲ್ಕು ಸ್ಕ್ರೂ ಹಾಕಿ ಕುತ್ತಿಗೆ ಬಿಗಿದ, ಹಾಳಾದರೆ ಬಿಚ್ಚಿ ಬೇರೆ ಹಾಕಿ ಅಂದ. ಗಿಟಾರಿನ ಇಡೀ ಅರ್ಥವನ್ನೇ ಬದಲಿಸಿದವನನ್ನು ತಲೆಯ ಒಂದು ಓರೆಗೋಸ್ಕರ ಕಳ್ಳ ಅಂತೀರಿ. ಇದಕ್ಕೆ ಹೊಟ್ಟೆಕಿಚ್ಚು ಅಂತಾರೆ.

ಹಳೇತಂತಿ:
"ತಲೆಯ ಒಂದು ಓರೆ" ಅಂದಿರಲ್ಲ, ಸಾಕು. ಓರೆ ಇದೆ ಅಂತ ಒಪ್ಪಿದಂತಾಯ್ತು. ಫೆಂಡರಿನ 1954ರ ಸ್ಟ್ರಾಟೋಕಾಸ್ಟರ್ ತಲೆಯನ್ನು ಟ್ರಾವಿಸ್ ಗಿಟಾರಿನ ಪಕ್ಕ ಇಟ್ಟು ನೋಡಿ, ಅವರ ಟೆಲಿಕಾಸ್ಟರಿಗಿಂತ ಅದೇ ಇನ್ನೂ ಹತ್ತಿರ.

ಫುಲ್ಲರ್ಟನ್_ರವಿ:
ಒಪ್ಪಿಲ್ಲ! ನನ್ನ ಬಾಯಲ್ಲಿ ಮಾತು ತುರುಕಬೇಡಿ ಸ್ವಾಮಿ.

ಧಾರವಾಡ_ಫ್ರೆಟ್ಸ್:
ತಲಿ ಬಗ್ಗೆ ತಲಿ ಒಡಕೊಳ್ಳೋರ ನಡುವ ಒಂದ್ ಮಾತು. ಚಿತ್ರ ಬರದಾಂವ ಟ್ರಾವಿಸ್ ಅಂತ ಮೊದಲ ಪೋಸ್ಟಿನಾಗ ಐತಿ. ಹಂಗಾದ್ರ ಆ ತಲಿ ಬಿಗ್ಸ್‌ಬಿದು ಅಂತ ಹೆಂಗ್ರಿ? ಮನಿ ಪ್ಲ್ಯಾನ್ ಬರದಾಂವ ಒಬ್ಬ, ಗಾರಿ ಮೆತ್ತಿದಾಂವ ಇನ್ನೊಬ್ಬ.

ಹಳೇತಂತಿ:
ಗಾರೆ ಮೆತ್ತಿದವನು?! ಪಿಕಪ್‌ನ ಸುರುಳಿ ಸುತ್ತಿದ್ದು ಯಾರು, ತಂತಿ ಹೊರೋ ಬ್ರಿಡ್ಜ್ ಎರಕ ಹೊಯ್ದಿದ್ದು ಯಾರು? ವಾದಕ ಸ್ಪೀಡಿ ವೆಸ್ಟ್‌ಗೆ ಪೆಡಲ್ ಸ್ಟೀಲ್ ಗಿಟಾರು ಮಾಡಿಕೊಟ್ಟಿದ್ದೂ ಅದೇ ಕೈ. ಕೈಗೆಲಸ ಮಾಡೋನನ್ನು ಕೂಲಿ ಅನ್ನೋದು ನಮ್ಮವರ ಹಳೇ ಚಾಳಿ.

ಕೊಪ್ಪದ_ಹೊಸಬ:
ಎಲ್ಲರಿಗೂ ನಮಸ್ಕಾರ. ನನ್ನದೊಂದು ಪ್ರಶ್ನೆ. ಒಬ್ಬರು 1951ರ ಟೆಲಿಕಾಸ್ಟರ್, ಒರಿಜಿನಲ್, ಅಂತ ಫೋಟೋ ಕಳಿಸಿದ್ದಾರೆ. ಒಳಗಿನ ವಾಲ್ಯೂಮ್ ಪಾಟ್ (ಸದ್ದು ಏರಿಳಿಸೋ ಬಿಡಿಭಾಗ) ಮೇಲೆ 304130 ಅಂತಿದೆ. ಬೆರಳಿಡೋ ಪಟ್ಟಿ, ಅಂದರೆ ಫ್ರೆಟ್‌ಬೋರ್ಡ್, ಕಡು ಕಂದು, ನಮ್ಮೂರ ಬೀಟೆ ಮರದ ಹಾಗೇ ಇದೆ. ನಂಬಬಹುದಾ?

ಬಸವನಗುಡಿ_ಬ್ಲೂಸ್:
304 ಅಂದರೆ ಸ್ಟ್ಯಾಕ್‌ಪೋಲ್ ಕಂಪನಿ. 1 ಅಂದರೆ 1951, 30 ಅಂದರೆ ಆ ವರ್ಷದ 30ನೇ ವಾರ. ಪಾಟ್ ಸರಿಯಾಗಿದೆ. ಆದರೆ ಪಾಟ್ ಹೇಳೋದು "ಇದಕ್ಕಿಂತ ಮುಂಚಿನದ್ದಲ್ಲ" ಅಂತ ಮಾತ್ರ. ಹಳೇ ಆಂಪ್ಲಿಫೈಯರಿನಿಂದ ಕಿತ್ತು ಬೆಸುಗೆ ಹಾಕೋಕೆ ಹತ್ತು ನಿಮಿಷ ಸಾಕು. ಬೆಸುಗೆ ಮಂಕಾಗಿದೆಯಾ, ಹೊಸದಾಗಿ ಹೊಳೀತಿದೆಯಾ ನೋಡಿ. ಕುತ್ತಿಗೆ ಬಿಚ್ಚಿ, ಬುಡದಲ್ಲಿ ಪೆನ್ಸಿಲ್ ತಾರೀಖು ಇದೆಯಾ ನೋಡಿ.

ಫುಲ್ಲರ್ಟನ್_ರವಿ:
ಕುತ್ತಿಗೆ ಬಿಚ್ಚೋದೇ ಬೇಡ. 1951ರ ಟೆಲಿಗೆ ಕುತ್ತಿಗೆಯೂ ಫ್ರೆಟ್‌ಬೋರ್ಡೂ ಒಂದೇ ಮೇಪಲ್. ಫೆಂಡರಿನಲ್ಲಿ ರೋಸ್‌ವುಡ್, ಅಂದರೆ ಬೀಟೆ ಜಾತಿಯ ಮರ, ಬಂದಿದ್ದು 1958ರ ಜಾಜ್‌ಮಾಸ್ಟರಿಗೆ, ಟೆಲಿಗೆ ಅದರ ನಂತರ. ದುಡ್ಡು ಜೇಬಲ್ಲೇ ಇರಲಿ.

ಮಲೆನಾಡ್_ಗಂಧ:
"ಬೀಟೆ ಮರದ ಹಾಗೇ" ಅಲ್ಲ ಮಾರಾಯ್ರೆ, ಅದು ಬೀಟೆಯೇ. ಪ್ರಪಂಚದ ಗಿಟಾರುಗಳಿಗೆಲ್ಲ ಮರ ಹೋಗಿದ್ದು ನಮ್ಮ ಕಾಡಿಂದ. ಹೆಸರು ಮಾತ್ರ ಅಮೆರಿಕದವರಿಗೆ. ಇದನ್ನು ಯಾರೂ ಬರೆಯಲ್ಲ.

ಫುಲ್ಲರ್ಟನ್_ರವಿ:
ಬರೆಯಲ್ಲ, ಯಾಕಂದರೆ ಆ ಕಾಲಕ್ಕೆ ಅದು ನಿಜವಲ್ಲ. 50ರ ದಶಕದಲ್ಲಿ ಅವರು ಬಳಸಿದ್ದು ಬ್ರೆಜಿಲ್ ರೋಸ್‌ವುಡ್. ನಮ್ಮದು ಹೋಗಿದ್ದು 60ರ ದಶಕದ ಮಧ್ಯದ ಮೇಲೆ, ಬ್ರೆಜಿಲ್ ಮರ ಸಿಗೋದು ಕಷ್ಟವಾದಾಗ. ಮಾರ್ಟಿನ್ ಕಂಪನಿ ಬದಲಾಯಿಸಿದ್ದು 1969ರ ಸುಮಾರಿಗೆ.

ಮಲೆನಾಡ್_ಗಂಧ:
ಹೋಗಿದ್ದು ಒಪ್ಪಿದಿರಲ್ಲ. ಅಷ್ಟೇ ನಾನು ಹೇಳಿದ್ದು.

ಹಳೇತಂತಿ:
ಹೊಸಬರು ಕೇಳಿದ್ದಕ್ಕೇ ಹೇಳ್ತೇನೆ. ಬಿಗ್ಸ್‌ಬಿಯಲ್ಲಿ ಈ ಪಾಟ್ ಜ್ಯೋತಿಷ್ಯ ಬೇಕಾಗಲ್ಲ. ಫ್ರೆಟ್‌ಬೋರ್ಡ್ ಮುಗಿಯೋ ಕಡೆ ಅಂಕಿ ಒತ್ತುತ್ತಿದ್ದ, ಅದೇ ತಾರೀಖು, ಅದೇ ಸೀರಿಯಲ್ ನಂಬರು. ಅದರ ಮೇಲೆ ಹಳೇ ಫೋಟೋ ಸಿಕ್ಕರೆ ಇನ್ನೂ ಗಟ್ಟಿ. ಮೇಪಲ್ಲಿನ ಚುಕ್ಕೆ ಎರಡು ಮರದಲ್ಲಿ ಒಂದೇ ಥರ ಬೀಳಲ್ಲ, ಭೂತಗನ್ನಡಿ ಹಿಡಿದು ಫೋಟೋಗೆ ಹೊಂದಿಸಿ ನೋಡಬಹುದು.

ಧಾರವಾಡ_ಫ್ರೆಟ್ಸ್:
ಅಂಕಿ ಒತ್ತೂ ಅಚ್ಚು ಪ್ಯಾಟಿಯೊಳಗ ಯಾರಿಗರ ಸಿಗತೈತಿ. ಒತ್ತಿದ್ದು ಬಿಗ್ಸ್‌ಬಿನೋ, ಬ್ರೋಕರನೋ?

ಹಳೇತಂತಿ:
ಅದಕ್ಕೇ ಫೋಟೋ ಅಂದೆ. ಪೂರ್ತಿ ಓದ್ರಿ.

ಫುಲ್ಲರ್ಟನ್_ರವಿ:
ಫೋಟೋ ಅಂದಮೇಲೆ ನೆನಪಾಯ್ತು. ಲಿಯೋ ಕೈಯಲ್ಲಿ ಟ್ರಾವಿಸ್ ಗಿಟಾರು ಇರೋ ಒಂದೇ ಒಂದು ಫೋಟೋ ಹಾಕಿ. ಸ್ಟೌಫರ್ ಬಗ್ಗೆ ಕೇಳಿದ್ದಕ್ಕೂ ಉತ್ತರ ಬಂದಿಲ್ಲ.

ಹಳೇತಂತಿ:
ಸಾಲ ಕೊಟ್ಟವನು ಫೋಟೋ ತೆಗೆಸಿಕೊಂಡು ಕೊಡ್ತಾನಾ? ಮೊದಲು ನೀವು 1949ಕ್ಕೂ 1950ಕ್ಕೂ ನಡುವೆ ಬಿರಡೆ ಜಾಗ ಬದಲಾಗಿದ್ದು ಹೇಗೆ ಹೇಳಿ, ಆಮೇಲೆ ವಿಯೆನ್ನಾಗೆ ಹೋಗೋಣ.

ಫುಲ್ಲರ್ಟನ್_ರವಿ:
ಹೇಳಿ ಆಯ್ತು, ತಂತಿ ನೇರ ಹೋಗಬೇಕು ಅಂತ. ಮೇಲೆ ಹೋಗಿ ಓದಿ.

ಧಾರವಾಡ_ಫ್ರೆಟ್ಸ್:
ತಂತಿ ನೆಟ್ಟಗ ಹೋತು, ಚರ್ಚಾ ಹೋಗವಲ್ದು. 1939ರ ಸಾಂಗ್‌ಸ್ಟರಿಗೆ ಒಬ್ರೂ ಉತ್ರಾ ಕೊಟ್ಟಿಲ್ಲ, ನೆಪ್ಪಿರ್ಲಿ.