ಪದ ಬೇಕು (ತುರ್ತು): ಟ್ರಾನ್ಸ್‌ಲ್ಯಾಂಗ್ವೇಜಿಂಗ್

ಎಲ್ಲರಿಗೂ ನಮಸ್ಕಾರ.

ವಿದೇಶಿ ಭಾಷೆ ಕಲಿಸುವ ಶಿಕ್ಷಕರ ಕೈಪಿಡಿಯೊಂದನ್ನು ಅನುವಾದಿಸುತ್ತಿದ್ದೇನೆ. ಸೋಮವಾರ ಅಚ್ಚಿಗೆ ಹೋಗಬೇಕು. ವಿದ್ಯಾರ್ಥಿಗಳು ಜರ್ಮನ್ ಪಾಠ ಓದಿ, ತಮ್ಮ ಭಾಷೆಯಲ್ಲಿ ಚರ್ಚಿಸಿ, ಮತ್ತೆ ಜರ್ಮನ್‌ನಲ್ಲಿ ಬರೆಯುವ ಕ್ರಮಕ್ಕೆ ಮೂಲದಲ್ಲಿ ಟ್ರಾನ್ಸ್‌ಲ್ಯಾಂಗ್ವೇಜಿಂಗ್ ಎಂದಿದೆ. ಕನ್ನಡದಲ್ಲಿ ಏನೆನ್ನಬಹುದು? ಮಲ್ಟಿಲಿಂಗ್ವಲ್, ಪ್ಲೂರಿಲಿಂಗ್ವಲ್ ಎರಡಕ್ಕೂ ‘ಬಹುಭಾಷಿಕ’ ಸಾಕೇ? ಇಂಟರ್‌ಕಲ್ಚರಲ್‌ಗೆ ‘ಅಂತರಸಾಂಸ್ಕೃತಿಕ’ ಎಂದು ಬರೆದಿದ್ದೇನೆ.

ಉತ್ತರ 1

‘ಅಂತರಸಾಂಸ್ಕೃತಿಕ’ ಅಶುದ್ಧ. ಅಂತರ್ ರೇಫಾಂತ, ಅಂದರೆ ‘ರ್’ನಲ್ಲಿ ಮುಗಿಯುವ ಪದ. ರಾಷ್ಟ್ರೀಯ ಪರವಾದರೆ ಅಂತಾರಾಷ್ಟ್ರೀಯ, ಸಾಂಸ್ಕೃತಿಕ ಪರವಾದರೆ ಅಂತಃಸಾಂಸ್ಕೃತಿಕ. ಇದರಲ್ಲಿ ಚರ್ಚೆಗೆ ಎಡೆಯಿಲ್ಲ. ಟ್ರಾನ್ಸ್‌ಲ್ಯಾಂಗ್ವೇಜಿಂಗ್‌ಗೆ ‘ಭಾಷಾಂತರಣ’ ಸಾಕು.

ಉತ್ತರ 2

ಸಂಧಿ ಸರಿ, ಪದ ಸಲ್ಲದು. ಅಂತಃಪುರ, ಅಂತಃಕರಣ ಬಲ್ಲವರು ಅಂತಃಸಾಂಸ್ಕೃತಿಕವನ್ನು ‘ಒಂದೇ ಸಂಸ್ಕೃತಿಯ ಒಳಗಿನದು’ ಎಂದೇ ಓದುತ್ತಾರೆ. ಬೇಕಾದ ಅರ್ಥ ಅದಕ್ಕೆ ತದ್ವಿರುದ್ಧ. ‘ಸಂಸ್ಕೃತಿಗಳ ನಡುವಿನ ಸಂವಹನ’ ಎನ್ನಿ, ಜಗಳವೇ ಇಲ್ಲ. ಜರ್ಮನ್‌ನ ‘ದು’, ‘ಝೀ’ ಭೇದ ನೀನು–ನೀವು ಬಳಸುವವರಿಗೆ ಬೇಗ ಹಿಡಿಯುತ್ತದೆ. ಆದರೆ ‘ಇನ್ನು ದು ಎನ್ನೋಣ’ ಎಂದು ಮೊದಲು ಹೇಳುವವರು ಸಾಮಾನ್ಯವಾಗಿ ಹಿರಿಯರು ಎಂಬುದನ್ನು ವ್ಯಾಕರಣ ಕಲಿಸುವುದಿಲ್ಲ. ಆ ಅರಿವಿಗೇ ಇಲ್ಲಿ ಹೆಸರು ಬೇಕಾಗಿರುವುದು.

‘ಭಾಷಾಂತರಣ’ ಎಂದರೆ ಶಿಕ್ಷಕರು ಅನುವಾದ ಮಾಡಿಸಲು ತೊಡಗುತ್ತಾರೆ. ಮೂಲ ಪದ ಇಂಗ್ಲಿಷಿನದೇ ಅಲ್ಲ. ವೇಲ್ಸ್‌ನಲ್ಲಿ ಕೆನ್ ವಿಲಿಯಮ್ಸ್ 1994ರಲ್ಲಿ ಬಳಕೆಗೆ ತಂದ ವೆಲ್ಶ್ ಪದ ‘ಟ್ರೌಸ್ಯೈಥಿ’. ಒಂದು ಭಾಷೆಯಲ್ಲಿ ಓದಿ ಇನ್ನೊಂದರಲ್ಲಿ ಬರೆಯುವ ತರಗತಿಯ ಕ್ರಮಕ್ಕೆ ಇಟ್ಟ ಹೆಸರು. ‘ಟ್ರೌಸ್’ ಎಂದರೆ ಅಡ್ಡಹಾಯುವುದು, ದಾಟುವುದು. ವೆಲ್ಶರು ತಮ್ಮ ಮಾತಿನಲ್ಲೇ ಕಟ್ಟಿಕೊಂಡದ್ದನ್ನು ನಾವು ಇಂಗ್ಲಿಷ್ ವೇಷದಲ್ಲಿ ಏಕೆ ತರಬೇಕು? ‘ನುಡಿದಾಟು’ ಎನ್ನಿ.

ಬಹುಭಾಷಿಕ ಎರಡಕ್ಕೂ ಸಾಲದು. ಐರೋಪ್ಯ ಮಂಡಳಿಯ 2001ರ ಭಾಷಾ ಕಲಿಕೆಯ ಚೌಕಟ್ಟು ಇವೆರಡನ್ನು ಬೇಕೆಂದೇ ಬೇರ್ಪಡಿಸಿದೆ: ಸಮಾಜದಲ್ಲಿ, ಶಾಲೆಯಲ್ಲಿ ಹಲವು ಭಾಷೆಗಳು ಅಕ್ಕಪಕ್ಕ ಇರುವುದು ಮಲ್ಟಿಲಿಂಗ್ವಲ್, ಒಬ್ಬನೇ ವ್ಯಕ್ತಿಯಲ್ಲಿ ಅವೆಲ್ಲ ಕೂಡಿ ಒಂದೇ ಸಾಮರ್ಥ್ಯವಾಗಿ ಕೆಲಸ ಮಾಡುವುದು ಪ್ಲೂರಿಲಿಂಗ್ವಲ್. ಶಾಲೆ ಬಹುಭಾಷಿಕ, ಕಲಿಯುವವನು ‘ಹಲನುಡಿಗ’. ‘ಹಲಭಾಷಿಗ’ ಮಾತ್ರ ಬೇಡ, ಕನ್ನಡ–ಸಂಸ್ಕೃತ ಬೆರೆಸಿದ ಅರಿಸಮಾಸ.

ಉತ್ತರ 3

ಅರಿಸಮಾಸವೆಂದರೆ ಮಳೆಗಾಲವನ್ನೂ ಬಿಡುವಿರಾ? ಹಲನುಡಿಗ, ನುಡಿದಾಟು ಯಾವ ತರಗತಿಗೂ ಕಾಲಿಡುವುದಿಲ್ಲ. ಕಾಗದ ಪಾರ್ಸಿಯಿಂದ ಬಂತು, ಪೆನ್ಸಿಲ್ ಇಂಗ್ಲಿಷಿನಿಂದ ಬಂತು, ಕನ್ನಡ ಬಡವಾಗಲಿಲ್ಲ. ಟ್ರಾನ್ಸ್‌ಲ್ಯಾಂಗ್ವೇಜಿಂಗ್ ಎಂದೇ ಬಿಡಿ.

ಉತ್ತರ 2ರವರಿಂದ ಮತ್ತೆ

ಕಾಗದ, ಪೆನ್ಸಿಲ್ ವಸ್ತುಗಳು. ಹೆಸರು ಹೊತ್ತುಕೊಂಡೇ ಬಂದವು. ಇದು ಕ್ರಿಯೆ, ವಿಧ್ಯರ್ಥದಲ್ಲೂ ಪ್ರೇರಣಾರ್ಥದಲ್ಲೂ ಓಡಬೇಕು. ‘ನುಡಿದಾಟಿ ಬರೆಯಿರಿ’, ‘ನುಡಿದಾಟಿಸಿ’ ಎನ್ನಬಹುದು. ನಿಮ್ಮ ಪದಕ್ಕೆ ಪ್ರತಿ ಸಲ ‘ಮಾಡಿಸುವುದು’ ಎಂಬ ಊರುಗೋಲು ಬೇಕು. ಎರವಲಿಗೆ ನನ್ನ ವಿರೋಧವಿಲ್ಲ, ಧಾತು ಇರುವಾಗ ಎರವಲು ತರುವುದಕ್ಕಿದೆ.

ಉತ್ತರ 1ರವರಿಂದ

ಅಂತಃಸಾಂಸ್ಕೃತಿಕವೇ ಸರಿ. ಓದುಗರು ಕಲಿತುಕೊಳ್ಳಲಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದ. ‘ಸಂಸ್ಕೃತಿಗಳ ನಡುವಿನ ಸಂವಹನ ಕೌಶಲ’ ಒಪ್ಪಿದೆ. ‘ನುಡಿದಾಟು’ ಬಳಸುತ್ತೇನೆ, ಮೊದಲ ಬಾರಿ ಬರುವಲ್ಲಿ ಟ್ರಾನ್ಸ್‌ಲ್ಯಾಂಗ್ವೇಜಿಂಗ್ ಎಂದೂ ಜೊತೆಗಿಡುತ್ತೇನೆ. ‘ಹಲನುಡಿಗ’ ಸಂಪಾದಕರ ಮುಂದಿದೆ. ಇನ್ನೊಂದು ಉಳಿದಿದೆ: ಒಬ್ಬರ ಮಾತನ್ನು ಇನ್ನೊಬ್ಬರಿಗೆ ಅರ್ಥವಾಗುವಂತೆ ದಾಟಿಸುವ ‘ಮೀಡಿಯೇಶನ್’. ಮಧ್ಯಸ್ಥಿಕೆ ಎಂದರೆ ವ್ಯಾಜ್ಯ ನೆನಪಾಗುತ್ತದೆ. ಬೇರೆ ಪದವಿದ್ದರೆ ಭಾನುವಾರದೊಳಗೆ ತಿಳಿಸಿ.