ಸಹಾಯ ಬೇಕು: ಹಳೇ ಪೇಂಟ್ ಹುಷಾರಾಗಿ ತೆಗಿಯೋರು ಯಾರರ ಅದಾರೇನ್ರಿ?

ನಮಸ್ಕಾರ್ರಿ ಎಲ್ಲಾರಿಗೂ. ಧಾರವಾಡ ಮಾಳಮಡ್ಡಿಯೊಳಗ ನಮ್ಮ ಅಜ್ಜಾರ ಕಾಲದ ಮನಿ ರಿಪೇರಿ ನಡದದ. ಮೊನ್ನೆ ಪೇಂಟರ್ ಕಿಡಕಿ ಚೌಕಟ್ಟು ಒಣದ ಮ್ಯಾಲೇ ತಿಕ್ಕಾಕತ್ತಿದ್ರು. ಹಸಿರು, ಅದರ ಕೆಳಗ ಹಳದಿ, ಅದರ ಕೆಳಗ ಕೆಂಪು. ಪುಡಿ ಎಲ್ಲಾ ನೆಲದ ಮ್ಯಾಲೆ. ಎರಡು ವರ್ಷದ ಮಗಳು ಅದರಾಗ ಕೈಯಾಡಿಸಿ ಬಾಯಿಗೆ ಹಾಕ್ಕೊಂಡ್ಲು. ಎದಿ ಧಸಕ್ ಅಂತು, ಕೆಲಸ ಅಲ್ಲೇ ನಿಲ್ಲಿಸೇನಿ.

ಮನಿ ಪೇಂಟಿನಾಗ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಾಗ 90 ಪಾಲು) ಮೀರಬಾರದು ಅನ್ನೋ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಾಗ. ನಮ್ಮ ಕಿಡಕಿ ಬಣ್ಣ ಅದಕ್ಕಿಂತ ಭಾಳ ಹಿಂದಿಂದು, ಅದರಾಗ ಸೀಸ ಇರಬಹುದು ಅಂತ ಅಂಜಿಕಿ. ಸೀಸ ಸಣ್ಣ ಮಕ್ಕಳ ಮಿದುಳಿಗೇ ಪೆಟ್ಟು ಕೊಡ್ತದ. ತಿಕ್ಕೋ ಪೇಂಟರಿಗೂ ಕೇಡೇ. ಅವರ ಮೂಗಿಗೆ ಒಂದು ವಸ್ತ್ರ ಸುದ್ದಾ ಇರಲಿಲ್ಲ.

ನೀರು ಹಾಕಿ ಒದ್ದೆ ಮಾಡ್ಕೊಂಡು ತೆಗಿಯೋ ಪೇಂಟರ್ ಹುಬ್ಬಳ್ಳಿ-ಧಾರವಾಡದಾಗ ಗೊತ್ತಿದ್ರ ಹೇಳ್ರಿ. ಬಣ್ಣದ ಚೂರು ಪರೀಕ್ಷೆ ಮಾಡೋ ಲ್ಯಾಬ್? ಮಗಳ ರಕ್ತದಾಗಿನ ಸೀಸ ಎಲ್ಲಿ ನೋಡ್ತಾರ? ಇದು ಭಾಳ ಅರ್ಜೆಂಟ್ ಅದರಿ.

ಅಡಗಿಮನಿ ಕಪಾಟಿಗೆ ಇ-0 ದರ್ಜೆ (ಫಾರ್ಮಾಲ್ಡಿಹೈಡ್ ಅನ್ನೋ ಕೆಟ್ಟ ಗಾಳಿ ಭಾಳ ಕಡಿಮಿ ಬಿಡೋ) ಪ್ಲೈವುಡ್ ಸೈತ ಬೇಕಾಗೇದ. ಅಂಗಡ್ಯಾಗ ತೋರಿಸಿದ್ದು ಕಣ್ಣು ಉರಿಯೋ ವಾಸನಿ ಹೊಡೀತಿತ್ತು. ಅಂಟಿನಾಗಿನ ಫಾರ್ಮಾಲ್ಡಿಹೈಡಿಗೆ ಹಂಗ ಆಗ್ತದ. ಗ್ವಾಡಿಗೆ ಸುಣ್ಣಾನೇ ಸಾಕು ಅಂತಾಳ ಅವ್ವ, ನನಗೂ ಅದೇ ಸರಿ ಅನಸ್ತದ. ಹದಾ ಗೊತ್ತಿದ್ದು ಸುಣ್ಣ ಹಚ್ಚೋರು ಇದ್ರ ಅವರದೂ ತಿಳಸ್ರಿ.